ಬೂದಿ ಬುಧವಾರದ ಬೂದಿ

ಪ್ರಶ್ನೆ: ಈಸ್ಟರ್‌ಗೆ ಮುಂಚಿನ ಉಪವಾಸ ಕಾಲ ಶುರುವಾಗುವ ಬೂದಿ ಬುಧವಾರದಂದು ಹಣೆಗೆ ಶಿಲುಬೆಯಾಗಿ ಹಚ್ಚಲು ಕಳೆದ ಬಾರಿ ನಮ್ಮ ಚರ್ಚಿನಲ್ಲಿ ಮಾಡಿದ ಬೂದಿ ಕಂದು ಬಣ್ಣಕ್ಕೆ ತಿರುಗಿ ಗಂಟುಗಂಟಾಯಿತು. ಕೆಲವರ ಹಣೆ ಉರಿಯಿತು. ತಪ್ಪಿದ್ದೆಲ್ಲಿ?
– ಓದುಗರು, ತೀರ್ಥಹಳ್ಳಿ

ಉತ್ತರ: ಹಿಂದಿನ ವರ್ಷದ ಗರಿಗಳ ಭಾನುವಾರ (ಈಸ್ಟರ್‌ಗೆ ಮುಂಚಿನ ಭಾನುವಾರ) ಚರ್ಚಿನಲ್ಲಿ ಕೊಟ್ಟ ಗರಿಗಳನ್ನು ಸುಟ್ಟು ಈ ಬೂದಿ ಮಾಡುತ್ತಾರಲ್ಲ, ಆ ಗರಿಯಲ್ಲಿ ಪಸೆ ಉಳಿದಿತ್ತು. ಅಂದು ಮನೆಗೆ ಒಯ್ದ ಗರಿಗಳು ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತವೆ. ಅವನ್ನು ಒಲೆಯ ಮೇಲಿನ ಅಟ್ಟದಲ್ಲಿಡಲು ಹೇಳಿ. ವಾರ ಮೊದಲೇ ವಾಪಸ್ ತರಿಸಿ, ಮೂರು ದಿನ ಬಿಸಿಲಿಗೆ ಹಾಕಿ. ಮುರಿದರೆ ಚಟ್ ಅನ್ನಬೇಕು.

ದಪ್ಪ ದಿಂಡು ತೆಗೆದುಹಾಕಿ, ಎಲೆಯನ್ನಷ್ಟೇ ಹಳೆಯ ಕಬ್ಬಿಣದ ಬಾಣಲೆಯಲ್ಲಿ ಅಂಗಳದಲ್ಲಿ ಸುಡಿ. ಪೂರ್ತಿ ಕಪ್ಪಾದ ಕೂಡಲೇ ಮುಚ್ಚಳ ಮುಚ್ಚಿ. ಬಿಳಿಯಾಗುವವರೆಗೆ ಬಿಟ್ಟರೆ ಹಣೆಯ ಮೇಲೆ ಶಿಲುಬೆ ಕಾಣುವುದಿಲ್ಲ, ಕ್ಷಾರವೂ ಹೆಚ್ಚು. ಆರಿದ ಮೇಲೆ ಅರೆದು, ತೆಳು ಮಲ್ಲು ಬಟ್ಟೆಯಲ್ಲಿ ಸೋಸಿ.

ಉರಿಗೆ ಕಾರಣ ನೀರು. ಬೂದಿಗೆ ನೀರು ಸೇರಿದರೆ ಕ್ಷಾರ ಬಿಡುತ್ತದೆ, ಹೊತ್ತು ಕಳೆದಷ್ಟೂ ಚರ್ಮ ಸುಡುತ್ತದೆ. ಹಿಂದಿನ ದಿನವೇ ಕಲಸಿಡುವುದಂತೂ ಬೇಡವೇ ಬೇಡ. ಒಣ ಬೂದಿಯನ್ನೇ ಇಡಿ. ಆಶೀರ್ವಾದದ ವೇಳೆ ಗುರುಗಳು ತೀರ್ಥ ಚಿಮುಕಿಸುವಷ್ಟೇ ಸಾಕು. ಚಿಕ್ಕ ಮಕ್ಕಳ, ವಯಸ್ಸಾದವರ ಚರ್ಮ ಬಹಳ ತೆಳುವು. ಉರಿ ಅಂದರೆ ತಕ್ಷಣ ತಣ್ಣೀರಿನಲ್ಲಿ ತೊಳೆಯಿರಿ, ಶಾಸ್ತ್ರಕ್ಕೆ ಭಂಗವೇನಿಲ್ಲ.

ಉಳಿದದ್ದನ್ನು ಕಸಕ್ಕೆ ಹಾಕಬೇಡಿ, ಚರ್ಚಿನ ಹೂಗಿಡದ ಬುಡಕ್ಕೆ ಹಾಕಿ.