ಟಿ.ವಿ. ಆರಿಸಿದರೆ ಅವರನ್ನು ಕೈಬಿಟ್ಟ ಹಾಗಲ್ಲವೇ?

(ಆಪ್ತಸಲಹೆ ಪ್ರಕರಣ. ಗುರುತು ಸಿಗದಿರಲೆಂದು ವಯಸ್ಸು, ಓದು, ಮನೆಯ ವಿವರಗಳನ್ನು ಬದಲಿಸಿದ್ದೇನೆ.)

2011ರ ಮಾರ್ಚ್ ಕೊನೆಯ ವಾರ. ಗಂಡನೇ ಕರೆದುಕೊಂಡು ಬಂದಿದ್ದರು. "ಸುನಾಮಿ ಆದಾಗಿನಿಂದ ನಿದ್ದೆಯಿಲ್ಲ ಮೇಡಂ, ತಟ್ಟೆ ಮುಂದಿಟ್ಟರೆ ಎದ್ದು ಹೋಗ್ತಾಳೆ. ಹಾಗೆ ನೋಡಿದರೆ ಜಪಾನಿನಲ್ಲಿ ನಮ್ಮವರು ಅಂತ ಯಾರೂ ಇಲ್ಲ" ಎಂದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ, ಗಲಿಬಿಲಿಯಿತ್ತು. ಆದರೆ ಆ ಕೊನೆಯ ಮಾತಿಗೆ ಆಕೆ ಥಟ್ಟನೆ ತಲೆಯೆತ್ತಿ ನೋಡಿದ್ದನ್ನು ಗಮನಿಸಿದೆ. ಗಂಡನನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿದೆ.

ಆಕೆಗೆ ಮೂವತ್ತೈದರ ಆಸುಪಾಸು. ಮದುವೆಗೆ ಮುಂಚೆ ಓದಿಗೆಂದು ಜಪಾನಿನ ಸೆಂಡಾಯ್ ನಗರಕ್ಕೆ ಹೋಗಿದ್ದರು. ಮೊದಲ ವರ್ಷ ಉಳಿದುಕೊಂಡಿದ್ದು ಪಕ್ಕದ ನತೋರಿಯಲ್ಲಿ, ನದಿ ಸಮುದ್ರಕ್ಕೆ ಸೇರುವಲ್ಲಿರುವ ಯುರಿಯಾಗೆ ಎಂಬ ಬಂದರು ಕೇರಿಯಲ್ಲಿ. ವಯಸ್ಸಾದ ವಿಧವೆಯೊಬ್ಬರ ಮನೆಯ ಮಹಡಿ ಕೋಣೆ. ಅವರನ್ನು 'ಒಬಾಸಾನ್', ಅಂದರೆ ಅಜ್ಜಿ, ಎಂದು ಕರೆಯುತ್ತಿದ್ದರಂತೆ. ಭಾಷೆ ಬಾರದ ದಿನಗಳಲ್ಲಿ ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿದವರು, ಬ್ಯಾಂಕಿನ ಅರ್ಜಿ ತುಂಬಿಸಿದವರು ಅವರೇ. ಊರಿಗೆ ಮರಳಿದ ಮೇಲೂ ಪ್ರತಿ ಹೊಸ ವರ್ಷಕ್ಕೆ ಅವರಿಂದ ಕಾರ್ಡು ಬರುತ್ತಿತ್ತು.

ಮಾರ್ಚ್ 11ರಂದು ಜಪಾನಿನ ಮಧ್ಯಾಹ್ನ 2:46ಕ್ಕೆ 9.0 ತೀವ್ರತೆಯ ಭೂಕಂಪ ಆಯಿತು. ಸುಮಾರು ಒಂದು ಗಂಟೆಯಲ್ಲಿ ಕಪ್ಪು ನೀರು ನತೋರಿಯ ಗದ್ದೆ ಬಯಲಿಗೆ ನುಗ್ಗಿತು. ಜಪಾನಿನ ಸಾರ್ವಜನಿಕ ವಾಹಿನಿ ಎನ್‌ಎಚ್‌ಕೆಯ ಹೆಲಿಕಾಪ್ಟರ್ ಅದನ್ನು ನೇರಪ್ರಸಾರ ಮಾಡಿತು. ಅಲೆಗೆ ಸಿಕ್ಕಿದ ಮನೆಗಳು, ದಾರಿ ಹುಡುಕುತ್ತಿದ್ದ ಕಾರುಗಳು, ಇವನ್ನು ಲೋಕವೆಲ್ಲ ನೋಡಿತು. ನಮಗೆ ಅದು ಜಪಾನಿನ ಯಾವುದೋ ಬಯಲು. ಆಕೆಗೆ ದಿನಾ ಸೈಕಲ್ ತುಳಿದ ದಾರಿ.

ಅಂದಿನಿಂದ ಆ ದೃಶ್ಯವನ್ನು ಮತ್ತೆ ಮತ್ತೆ ಹಾಕಿ ನೋಡುತ್ತಿದ್ದರು. ಒಂದು ಬಿಳಿ ಕಾರು. ಅದು ತಿರುವಿಗೆ ಬರುವ ಹೊತ್ತಿಗೆ ವಿಡಿಯೊ ನಿಲ್ಲಿಸುವುದು, ಹಿಂದಕ್ಕೆ ತರುವುದು, ಮತ್ತೆ ಹಾಕುವುದು. ಒಬಾಸಾನ್ ಬಳಿ ಇದ್ದದ್ದೂ ಬಿಳಿ ಕಾರೇ. "ಈ ಸಲವಾದರೂ ಎಡಕ್ಕೆ ತಿರುಗಬಹುದೇನೋ ಅನಿಸುತ್ತದೆ. ಹುಚ್ಚು ಅಂತ ನನಗೂ ಗೊತ್ತು" ಎಂದರು. ರಾತ್ರಿ ಮಲಗಿದರೆ ಮಂಚ ಅಲುಗಿದ ಹಾಗಾಗಿ ಎದ್ದು ದೀಪ ತೂಗುತ್ತಿದೆಯೇ ಎಂದು ನೋಡುತ್ತಿದ್ದರು. ಸೆಂಡಾಯ್‌ನಲ್ಲಿದ್ದಾಗ ಸಣ್ಣಪುಟ್ಟ ಕಂಪನಗಳಿಗೆ ಮೈ ಹೊಂದಿಕೊಂಡಿತ್ತು. ಆ ನೆನಪು ಈಗ ಮೈಯಿಂದಲೇ ಎದ್ದು ಬರುತ್ತಿತ್ತು.

ಟಿ.ವಿ. ಆರಿಸಿ ನೋಡಿದ್ದೀರಾ ಎಂದು ಕೇಳಿದಾಗ ಬಂದ ಉತ್ತರವೇ ಈ ಬರಹದ ತಲೆಬರಹ.

ಇಲ್ಲಿ ಬೇರೆ ಬೇರೆ ಸಂಕಟಗಳು ಒಂದಕ್ಕೊಂದು ಸುತ್ತಿಕೊಂಡಿದ್ದವು. ಮೊದಲನೆಯದು ಸುದ್ದಿ ತಿಳಿಯದ ಕಳವಳ, ಅದು ಸಹಜ. ಎರಡನೆಯದು, ನೋಡುತ್ತಾ ಕೂರುವುದೇ ತಾನು ಮಾಡಬಹುದಾದ ಏಕೈಕ ಸೇವೆ ಎಂಬ ನಂಬಿಕೆ. ಆಕೆಯ ನಿದ್ದೆ ಕೆಡಿಸುತ್ತಿದ್ದದ್ದು ಇದು. ಕಣ್ಣು ಮುಚ್ಚಿದರೆ ದ್ರೋಹ, ತೆರೆದಿದ್ದರೆ ಸಂಕಟ. ಮೂರನೆಯದು ಅತ್ತೆಯ ಒಂದು ಮಾತು: "2004ರಲ್ಲಿ ನಮ್ಮ ಕರಾವಳಿಗೇ ಸುನಾಮಿ ಬಂದು ಅಷ್ಟು ಜನ ಹೋದರಲ್ಲ, ಆಗ ನೀನು ಹೀಗೆ ಅಳಲಿಲ್ಲ." ಇದು ಆಕೆಗೆ ಆಳವಾಗಿ ನಾಟಿತ್ತು. ಹೌದಲ್ಲ, ಆಗ ಯಾಕೆ ಅಳಲಿಲ್ಲ? ತನ್ನ ದುಃಖವೇ ಸುಳ್ಳೇ?

ಈ ಮೂರನೆಯದನ್ನು ಮೊದಲು ಎತ್ತಿಕೊಂಡೆ, ಯಾಕೆಂದರೆ ಅಳುವುದಕ್ಕೇ ನಾಚುತ್ತಿರುವವರ ಜೊತೆ ಬೇರೆ ಏನನ್ನೂ ಮಾತಾಡಲಾಗದು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಹಿಂದೂ ಮಹಾಸಾಗರದ ಸುತ್ತಲ ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಸತ್ತವರ ಸಂಖ್ಯೆಗೆ ತಕ್ಕಂತೆ ಕಣ್ಣೀರು ಬರುವುದಾದರೆ ಯಾರೂ ತಮ್ಮ ತಾಯಿಗಾಗಿ ಅಳುವ ಹಾಗಿಲ್ಲ ಎಂದೆ. ದುಃಖ ಪರಿಚಯದ ದಾರಿ ಹಿಡಿದು ಬರುತ್ತದೆ. ತಮಿಳುನಾಡಿನ ನಾಗಪಟ್ಟಿಣಂನಲ್ಲಿ ನಿಮ್ಮ ಹಣೆ ಮುಟ್ಟಿ ನೋಡಿದವರು ಇರಲಿಲ್ಲ, ಯುರಿಯಾಗೆಯಲ್ಲಿ ಇದ್ದಾರೆ. ಅಷ್ಟೇ. ಇದು ಪಕ್ಷಪಾತವೇ ಆದರೂ ತಪ್ಪಿತಸ್ಥ ಪಕ್ಷಪಾತವಲ್ಲ.

ಆ ವಾರಗಳಲ್ಲಿ ಪತ್ರಿಕೆಗಳೆಲ್ಲ ಜಪಾನಿಗರ ಸಂಯಮವನ್ನು ಹೊಗಳುತ್ತಿದ್ದವು: ಸಾಲು ಮುರಿಯಲಿಲ್ಲ, ಗೋಳಾಡಲಿಲ್ಲ. ನನಗೆ ಈ ಹೊಗಳಿಕೆ ಅಷ್ಟಾಗಿ ಹಿಡಿಸುವುದಿಲ್ಲ. ಕ್ಯಾಮೆರಾದ ಮುಂದೆ ಅಳದವರು ಅಳಲಿಲ್ಲವೆಂದು ನಾವು ತೀರ್ಮಾನಿಸಿಬಿಡುತ್ತೇವೆ. ಆಕೆ ಅದನ್ನು ಓದಿ, ಮನೆಮಠ ಕಳೆದುಕೊಂಡವರೇ ಗಟ್ಟಿಯಾಗಿರುವಾಗ ಸೋಫಾದ ಮೇಲೆ ಕೂತು ಅಳುವ ತಾನು ಯಾರು ಎಂದು ತನ್ನನ್ನೇ ಹಳಿದುಕೊಂಡಿದ್ದರು. ಆ ಲೇಖನಗಳನ್ನು ಓದುವುದನ್ನು ಬಿಡಿ ಎಂದು ನೇರವಾಗಿಯೇ ಹೇಳಿದೆ.

ಇನ್ನು ಫೋನಿನ ವಿಷಯ. ಒಬಾಸಾನ್ ನಂಬರಿಗೆ ಕರೆ ಹೋಗುತ್ತಿರಲಿಲ್ಲ. ಪ್ರತಿ ಸಲ ಕರೆ ಕಡಿದಾಗಲೂ ಆಕೆಗೆ ಸಾವಿನ ಸುದ್ದಿ ಕೇಳಿದ ಹಾಗಾಗುತ್ತಿತ್ತು. ದೊಡ್ಡ ಭೂಕಂಪದ ನಂತರ ಜಪಾನಿನ ಮೊಬೈಲ್ ಕಂಪನಿಗಳು ತುರ್ತು ಕರೆಗಳಿಗೆ ದಾರಿ ಬಿಡಲು ಸಾಮಾನ್ಯ ಕರೆಗಳನ್ನು ಬಹುಪಾಲು ತಡೆಹಿಡಿಯುತ್ತವೆ. ಕರಾವಳಿಯ ಟವರುಗಳು ಕೊಚ್ಚಿಹೋಗಿದ್ದವು, ಉಳಿದ ಕಡೆ ವಿದ್ಯುತ್ ಇರಲಿಲ್ಲ. ಆಶ್ರಯ ಕೇಂದ್ರಗಳಲ್ಲಿದ್ದವರ ಸಂಖ್ಯೆ ಒಂದು ಹಂತದಲ್ಲಿ ನಾಲ್ಕೂವರೆ ಲಕ್ಷ ದಾಟಿತ್ತು. ಅವರಲ್ಲಿ ಅನೇಕರು ಉಟ್ಟ ಬಟ್ಟೆಯಲ್ಲಿ ಹೊರಟವರು. ಕರೆ ಸಿಗದಿದ್ದರೆ ಫೋನು ಕೆಲಸ ಮಾಡುತ್ತಿಲ್ಲ ಎಂದಷ್ಟೇ ಅರ್ಥ, ಅದಕ್ಕಿಂತ ಮುಂದಿನದನ್ನು ಸೇರಿಸುತ್ತಿರುವುದು ನಿಮ್ಮ ಮನಸ್ಸು ಎಂದೆ. ಸುಳ್ಳು ಭರವಸೆ ಕೊಡಲಿಲ್ಲ. ಬದುಕಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ, ಹಾಗಾಗಿ ಹೇಳಲೂ ಇಲ್ಲ.

ದೃಶ್ಯ ನೋಡುವುದರ ಬಗ್ಗೆ ನಾವು ಮಾಡಿಕೊಂಡ ಒಪ್ಪಂದ ಹೀಗಿತ್ತು: ಸುದ್ದಿ ಬೇಕು, ದೃಶ್ಯ ಬೇಡ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಅರ್ಧರ್ಧ ಗಂಟೆ, ಅಕ್ಷರದಲ್ಲಿ ಮಾತ್ರ ಓದುವುದು. ಮಲಗುವ ಮುನ್ನ ಯಾವುದೂ ಇಲ್ಲ. ಆಕೆಗೆ ಇದು ಕಷ್ಟವಾಯಿತು. ನನ್ನ ಉಪದೇಶಕ್ಕಿಂತ ಐದು ವರ್ಷದ ಮಗಳ ಪ್ರಶ್ನೆ ಹೆಚ್ಚು ಕೆಲಸ ಮಾಡಿತು. ಆ ಮಗು "ಅಮ್ಮಾ, ಇವತ್ತೂ ನೀರು ಬಂತಾ?" ಎಂದು ಕೇಳಿತ್ತಂತೆ. ಚಿಕ್ಕ ಮಕ್ಕಳಿಗೆ ಮರುಪ್ರಸಾರ ಎಂಬುದು ತಿಳಿಯುವುದಿಲ್ಲ, ಪ್ರತಿ ಸಲವೂ ಹೊಸದಾಗಿ ಅಲೆ ಬಂದು ಹೊಸದಾಗಿ ಮನೆಗಳು ಹೋಗುತ್ತಿವೆ ಎಂದುಕೊಳ್ಳುತ್ತವೆ. ಆ ದಿನವೇ ಟಿ.ವಿ. ಹಾಲ್‌ನಲ್ಲಿ ಆರಿತು. ಮಗುವಿಗೆ ಏನು ಹೇಳಲಿ ಎಂದು ಕೇಳಿದರು. ಅದು ಆಗಿದ್ದು ಒಂದೇ ಸಲ, ಆಗಿ ಮುಗಿಯಿತು, ಈಗ ಅಲ್ಲಿ ತುಂಬ ಜನ ಸಹಾಯ ಮಾಡುತ್ತಿದ್ದಾರೆ, ಅಮ್ಮನಿಗೆ ಅಲ್ಲಿ ಒಬ್ಬ ಅಜ್ಜಿ ಗೊತ್ತು, ಅದಕ್ಕೇ ಅಮ್ಮನಿಗೆ ಬೇಜಾರು. ಇಷ್ಟು ಸಾಕು ಎಂದೆ.

ದೃಶ್ಯ ನೋಡುವುದನ್ನು ಬಿಡಿ ಎಂದಿದ್ದು ಬರೀ ಅನಿಸಿಕೆಯ ಮಾತಲ್ಲ. ಎರಡು ವರ್ಷಗಳ ನಂತರ, 2013ರ ಬೋಸ್ಟನ್ ಮ್ಯಾರಥಾನ್ ಸ್ಫೋಟದ ಮೇಲೆ ನಡೆದ ಅಧ್ಯಯನದಲ್ಲಿ, ಮೊದಲ ವಾರ ದಿನಕ್ಕೆ ಆರು ಗಂಟೆಗೂ ಹೆಚ್ಚು ಅದರ ಸುದ್ದಿಯಲ್ಲಿ ಮುಳುಗಿದ್ದವರಲ್ಲಿ, ಸ್ಥಳದಲ್ಲೇ ಇದ್ದವರಿಗಿಂತ ತೀವ್ರವಾದ ಒತ್ತಡದ ಲಕ್ಷಣಗಳು ಕಂಡುಬಂದವು. ಜಪಾನಿನ ವಾಹಿನಿಗಳೂ ನಂತರದ ವರ್ಷಗಳಲ್ಲಿ ಸುನಾಮಿಯ ದೃಶ್ಯ ತೋರಿಸುವ ಮುನ್ನ ಎಚ್ಚರಿಕೆಯ ಸಾಲು ಹಾಕುವ ರೂಢಿ ಬೆಳೆಸಿಕೊಂಡವು.

ನೋಡುವುದನ್ನು ಕಿತ್ತುಕೊಂಡರೆ ಕೈಗೆ ಬೇರೇನಾದರೂ ಕೊಡಬೇಕು. ಬರಿಗೈ ಮತ್ತೆ ಅದೇ ವಿಡಿಯೊ ಕಡೆ ಹೋಗುತ್ತದೆ. ಹಳೆ ಬಟ್ಟೆ ಕಂಬಳಿಗಳ ಗಂಟು ಕಟ್ಟಿ ಕಳಿಸುವ ಯೋಚನೆ ಆಕೆಗಿತ್ತು. ಬೇಡವೆಂದೆ. ಕೇಳದೆ ಬಂದ ಸಾಮಾನು ವಿಂಗಡಿಸುವುದೇ ದುರಂತ ನಡೆದಲ್ಲಿ ಇನ್ನೊಂದು ಹೊರೆ. ಜಪಾನ್ ರೆಡ್ ಕ್ರಾಸ್‌ಗೆ ಹಣ ಕಳಿಸಿದರೆ ಸಂತ್ರಸ್ತರ ಕೈಗೇ ಹಂಚುವ ಪ್ರತ್ಯೇಕ ನಿಧಿ ಆಗ ಇತ್ತು. ಗಂಡನ ಜೊತೆ ಕೂತು ಮನೆಗೆ ಭಾರವಾಗದ ಒಂದು ಮೊತ್ತ ನಿರ್ಧರಿಸಿ, ಒಮ್ಮೆ ಕಳಿಸಿ, ಅಲ್ಲಿಗೆ ಬಿಟ್ಟುಬಿಡಿ ಎಂದೆ. ಗಂಡನ ಜೊತೆ ಎಂದಿದ್ದು ಬೇಕೆಂದೇ. ಒಬಾಸಾನ್ ಯಾರು ಎಂದು ಆಕೆ ಅವರಿಗೆ ಸರಿಯಾಗಿ ಹೇಳಿರಲೇ ಇಲ್ಲ. ಹೊಸ ವರ್ಷದ ಕಾರ್ಡುಗಳನ್ನು ಅವರ ಮುಂದೆ ಹರಡಿ ಒಂದೊಂದರ ಕತೆ ಹೇಳಿದ ರಾತ್ರಿ ಮೊದಲ ಬಾರಿಗೆ ನಾಲ್ಕು ಗಂಟೆ ನಿದ್ದೆ ಬಂತಂತೆ.

ಆಕೆಗೆ ಜಪಾನಿ ಓದಲು ಬರುತ್ತಿದ್ದುದರಿಂದ ಇನ್ನೊಂದು ದಾರಿ ತೆರೆಯಿತು. ಆಶ್ರಯ ಕೇಂದ್ರಗಳ ಗೋಡೆಗೆ ಅಂಟಿಸಿದ್ದ ಕೈಬರಹದ ಹೆಸರುಪಟ್ಟಿಗಳ ಫೋಟೊ ತೆಗೆದು ಜನ ಅಂತರ್ಜಾಲಕ್ಕೆ ಹಾಕುತ್ತಿದ್ದರು. ಸ್ವಯಂಸೇವಕರು ಅವನ್ನು ಓದಿ ದುರಂತದಲ್ಲಿ ಸಂಪರ್ಕ ತಪ್ಪಿದವರನ್ನು ಹುಡುಕಲು ಗೂಗಲ್ ತೆರೆದಿದ್ದ ಪರ್ಸನ್ ಫೈಂಡರ್ ಎಂಬ ತಾಣಕ್ಕೆ ತುಂಬಿಸುತ್ತಿದ್ದರು. ಆಕೆ ಅದರಲ್ಲಿ ಸೇರಲೇ ಎಂದು ಕೇಳಿದಾಗ ಹಿಂದೆಮುಂದೆ ನೋಡಿದೆ. ಇದೂ ಇನ್ನೊಂದು ಬಿಳಿ ಕಾರು ಆಗಬಹುದಿತ್ತು. ಷರತ್ತು ಹಾಕಿದೆ: ದಿನಕ್ಕೆ ಒಂದು ಗಂಟೆ, ಮಗಳು ಶಾಲೆಯಲ್ಲಿರುವಾಗ, ಮತ್ತು ಆ ಗಂಟೆ ಒಬಾಸಾನ್ ಹೆಸರು ಹುಡುಕುವುದಕ್ಕಲ್ಲ, ಪಟ್ಟಿಯಲ್ಲಿ ಇರುವವರ ಹೆಸರು ತುಂಬುವುದಕ್ಕೆ. ಹುಡುಕಾಟವನ್ನು ಸೆಂಡಾಯ್‌ನ ಹಳೆ ಸಹಪಾಠಿಯೊಬ್ಬರಿಗೆ ವಹಿಸಿ, ಅವರಿಗೂ ವಾರಕ್ಕೆ ಒಂದೇ ಮೇಲ್ ಬರೆಯುವುದು. ಅಲ್ಲಿರುವವರನ್ನು ದಿನಾ ಕೇಳಿ ಕೇಳಿ ದಣಿಸಬಾರದು, ಅವರ ಮನೆಯಲ್ಲೂ ನೀರು, ಗ್ಯಾಸು ಇರಲಿಲ್ಲ.

ಆ ಪಟ್ಟಿಗಳನ್ನು ತುಂಬುತ್ತಾ ಆಕೆ ಹೇಳಿದ ಮಾತು ನನಗೆ ಮುಖ್ಯವೆನಿಸಿತು: "ಇವರೆಲ್ಲ ಬದುಕಿದ್ದಾರೆ ಮೇಡಂ. ಇಷ್ಟು ದಿನ ನಾನು ಬರೀ ನೀರು ನೋಡುತ್ತಿದ್ದೆ."

ಏಪ್ರಿಲ್ ಕೊನೆಗೆ ಸುದ್ದಿ ಬಂತು. ಒಬಾಸಾನ್ ಅಂದು ಆಸ್ಪತ್ರೆಗೆಂದು ಊರೊಳಗೆ ಹೋಗಿದ್ದರು. ಈಗ ಪಕ್ಕದ ಯಾಮಾಗಾತಾದಲ್ಲಿ ಬಂಧುಗಳ ಮನೆಯಲ್ಲಿದ್ದಾರೆ. ಮನೆ ಉಳಿದಿಲ್ಲ, ಅವರ ತಮ್ಮ ಸಿಕ್ಕಿಲ್ಲ.

ಇಲ್ಲಿಗೆ ಮುಗಿಯಿತು ಎಂದು ಮನೆಯವರೆಲ್ಲ ಅಂದುಕೊಂಡರು. ಆಕೆ ಮಾತ್ರ ಮರುದಿನವೇ ಫೋನ್ ಮಾಡಿ ಸಮಯ ಕೇಳಿದರು. ಸುದ್ದಿ ಕೇಳಿ ಕುಣಿದಾಡುವಷ್ಟು ಖುಷಿಯಾಗಿ, ಅರೆಕ್ಷಣದಲ್ಲೇ ತಮ್ಮ ಸಿಕ್ಕಿಲ್ಲ ಎಂಬುದು ನೆನಪಾಗಿ, ತನ್ನ ಖುಷಿಗೇ ಹೇಸಿಗೆಯಾಗಿತ್ತು. ಇದು ಅಪರೂಪವಲ್ಲ. ನಮ್ಮವರು ಉಳಿದರು ಎಂಬ ನಿರಾಳ, ಬೇರೆಯವರು ಹೋದರು ಎಂಬ ನೋವನ್ನು ಅಳಿಸುವುದಿಲ್ಲ. ಒಂದಕ್ಕಾಗಿ ಇನ್ನೊಂದನ್ನು ಬಿಟ್ಟುಕೊಡಬೇಕಿಲ್ಲ. ಶವ ಸಿಗದ ಸಾವಿನಲ್ಲಿ ಮನೆಯವರು ಅಳುವುದಕ್ಕೂ ಕಾಯುವುದಕ್ಕೂ ನಡುವೆ ಸಿಕ್ಕಿಕೊಳ್ಳುತ್ತಾರೆ. ಒಬಾಸಾನ್ ಈಗ ಆ ನಡುವಿನ ಸ್ಥಿತಿಯಲ್ಲಿದ್ದಾರೆ ಎಂಬುದನ್ನು ಅರ್ಥಮಾಡಿಕೊಂಡರೆ ಅವರಿಗೆ ಬರೆಯುವ ಪತ್ರದಲ್ಲಿ ಏನು ಬರೆಯಬಾರದು ಎಂಬುದು ತಾನಾಗಿ ಹೊಳೆಯುತ್ತದೆ ಎಂದೆ.

ಆಕೆ ತಂದ ಮೊದಲ ಕರಡು ನಾಲ್ಕು ಪುಟವಿತ್ತು. ತುಂಬ ಪ್ರಶ್ನೆಗಳು, ತಾನು ಪಟ್ಟ ಸಂಕಟದ ವರ್ಣನೆ, 'ಧೈರ್ಯ ತಂದುಕೊಳ್ಳಿ', 'ನೀವಾದರೂ ಉಳಿದಿರಿ'. ಇದನ್ನು ಓದಿದರೆ ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ ಎಂದೆ. 'ನೀವಾದರೂ' ಎಂಬಲ್ಲಿ ತಮ್ಮನ ಸಾವನ್ನು ನಾವೇ ಘೋಷಿಸಿದ ಹಾಗೆ. ಏನಾಯಿತೆಂದು ಕೇಳಬೇಡಿ, ಹೇಳಬೇಕೆನಿಸಿದಾಗ ಅವರೇ ಹೇಳುತ್ತಾರೆ. ಉತ್ತರ ಬರೆಯಬೇಕಿಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ. ಅವರ ಫೋಟೊಗಳೆಲ್ಲ ನೀರು ಪಾಲಾಗಿವೆ, ನಿಮ್ಮ ಬಳಿ ಇರುವ ಆ ಮನೆಯ ಫೋಟೊಗಳ ಪ್ರತಿ ಬೇಕೇ ಎಂದು ಕೇಳಿ. ಕೇಳದೆ ಲಕೋಟೆಯಲ್ಲಿ ಹಾಕಿ ಕಳಿಸಬೇಡಿ. ಕೊನೆಗೆ ಹೋದದ್ದು ಏಳು ಸಾಲಿನ ಪತ್ರ.

ಮೇ ತಿಂಗಳಲ್ಲೇ ಹೊರಟುಬಿಡುತ್ತೇನೆ, ಮಣ್ಣಾದರೂ ಎತ್ತುತ್ತೇನೆ ಎಂಬ ಹಟವೂ ನಡುವೆ ಬಂತು. ಸೆಂಡಾಯ್ ಇರುವ ಮಿಯಾಗಿ ಪ್ರಾಂತದ ಒನಾಗಾವಾ ಊರಿನಲ್ಲಿ ಭಾರತದ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ 46 ಜನ ಕೆಲಸ ಮಾಡಿ ಮರಳಿದ್ದನ್ನು ಓದಿದ ಮೇಲೆ ಬಂದ ಆಸೆ ಅದು. ಅವರು ತರಬೇತಾದವರು, ತಮ್ಮ ಊಟ ವಸತಿಯ ಏರ್ಪಾಡಿನೊಂದಿಗೆ ಹೋದವರು. ನೀವು ಹೋದರೆ ಬಂಧುಗಳ ಮನೆಯಲ್ಲಿರುವ ಒಬಾಸಾನ್ ನಿಮ್ಮನ್ನು ಎಲ್ಲಿ ಮಲಗಿಸಲಿ ಎಂದು ಯೋಚಿಸಬೇಕು. ಅವರೇ ಬಾ ಎನ್ನುವವರೆಗೆ ಟಿಕೆಟ್ ಬೇಡ ಎಂದೆ. ಒಪ್ಪಿದರು, ಪೂರ್ತಿ ಮನಸ್ಸಿನಿಂದಲ್ಲ.

ಔಷಧಿ ಬೇಕಾಗಲಿಲ್ಲ. ತಿಂಗಳು ಕಳೆದರೂ ನಿದ್ದೆ ಕೂಡದಿದ್ದರೆ, ಮಗುವನ್ನೂ ಕೆಲಸವನ್ನೂ ನೋಡಿಕೊಳ್ಳಲಾಗದಿದ್ದರೆ, ಬದುಕು ಬೇಡ ಎಂಬ ಮಾತು ಬಾಯಿಗೆ ಬಂದರೆ ಮನೋವೈದ್ಯರ ಬಳಿ ಕಳಿಸುವುದೆಂದು ಮೊದಲೇ ಗಂಡ ಹೆಂಡತಿ ಇಬ್ಬರಿಗೂ ಹೇಳಿಟ್ಟಿದ್ದೆ. ಇಂಥ ಸ್ಥಿತಿಯಲ್ಲಿರುವ ಯಾರಿಗೂ ಇದೇ ಗಡಿ. ದೂರದ ದುರಂತಕ್ಕೆ ಇಷ್ಟೇಕೆ ಎಂದು ಮನೆಯವರು ತಡಮಾಡಬಾರದು.

ಒಂದು ವರ್ಷದ ದಿನ ಹತ್ತಿರ ಬಂದಾಗ ಆ ದೃಶ್ಯಗಳೆಲ್ಲ ಮತ್ತೆ ಪ್ರಸಾರವಾಗುತ್ತವೆ, ಅದಕ್ಕೆ ಮುಂಚಿತವಾಗಿ ಸಿದ್ಧರಾಗಿ ಎಂದು ತಿಳಿಸಿದ್ದೆ. 2012ರ ಫೆಬ್ರವರಿಯಲ್ಲಿ ಆಕೆ ಫೋನ್ ಮಾಡಿದರು. ಆ ದಿನ ಟಿ.ವಿ. ಹಾಕುವುದಿಲ್ಲವೆಂದೂ, ಜಪಾನಿನ 2:46ಕ್ಕೆ ಸರಿಯಾಗಿ ಯಾಮಾಗಾತಾಕ್ಕೆ ಕರೆ ಮಾಡಬೇಕೆಂದಿದ್ದೇನೆಂದೂ ಹೇಳಿದರು. ಆ ಹೊತ್ತಿಗೆ ಬೇಡ, ಅವರು ಅಲ್ಲಿನವರ ಜೊತೆ ಮೌನ ಪ್ರಾರ್ಥನೆಯಲ್ಲಿರಬಹುದು, ಮರುದಿನ ಮಾಡಿ ಎಂದೆ.