ನಮ್ಮ ಕಾರ್ಪೊರೇಟರ್ ಆಸ್ತಿ ವಿವರವನ್ನು ನಾವು ಕೇಳಬಹುದಾ?

ಪ್ರಶ್ನೆ: ನಾನು ಮಹಾನಗರ ಪಾಲಿಕೆ ವ್ಯಾಪ್ತಿಯ ಮತದಾರ. ನಮ್ಮ ವಾರ್ಡಿನ ಸದಸ್ಯರು ಗೆದ್ದ ಮೇಲೆ ಹೆಂಡತಿ ಹೆಸರಲ್ಲಿ ಸೈಟು ಮಾಡಿದ್ದಾರೆ ಎಂದು ಜನ ಆಡಿಕೊಳ್ಳುತ್ತಾರೆ. ನಿಜವೋ ಸುಳ್ಳೋ ಗೊತ್ತಿಲ್ಲ. ವಿವರ ಕೇಳಿದರೆ, ‘ಅದು ಅವರ ಸ್ವಂತ ವಿಷಯ’ ಎಂದು ಕಚೇರಿಯವರು ವಾಪಸ್ ಕಳಿಸಿದರು. ಇದು ಸರಿಯಾ?

ಉತ್ತರ: ಸರಿಯಲ್ಲ. ನಿಮ್ಮ ವೋಟು ಕೇಳಿ ಗೆದ್ದವರ ಆಸ್ತಿ ವಿವರ ನಿಮಗೆ ಸಿಗಲೇಬೇಕು.

ನಾಮಪತ್ರದ ಜೊತೆಗೆ ಅಭ್ಯರ್ಥಿ ಅಫಿಡವಿಟ್ ಕೊಡಬೇಕು. ಅದರಲ್ಲಿ ತನ್ನದಷ್ಟೇ ಅಲ್ಲ, ಗಂಡ ಅಥವಾ ಹೆಂಡತಿಯ ಮತ್ತು ಅವಲಂಬಿತರ ಆಸ್ತಿ, ಸಾಲವನ್ನೂ ತೋರಿಸಬೇಕು. ಸುಮ್ನೆ ಕೊಟ್ಟು ಮರೆಯುವ ಕಾಗದ ಅಲ್ಲ ಇದು. ಮೈಸೂರಿನಲ್ಲಿ ಏನಾಯಿತು ನೋಡಿ. 2018ರ ಪಾಲಿಕೆ ಚುನಾವಣೆಯಲ್ಲಿ 36ನೇ ವಾರ್ಡಿನಿಂದ ಗೆದ್ದ ರುಕ್ಮಿಣಿ ಮಾದೇಗೌಡ ಅವರು ಪತಿಯ ಆಸ್ತಿಯನ್ನು ಅಫಿಡವಿಟ್‌ನಲ್ಲಿ ತೋರಿಸಿರಲಿಲ್ಲ ಎಂದು ಎದುರಾಳಿ ಕೋರ್ಟಿಗೆ ಹೋದರು. ಕೆಳಗಿನ ಕೋರ್ಟು ಆಯ್ಕೆಯನ್ನು ರದ್ದು ಮಾಡಿತು. ಮೇಲ್ಮನವಿ ಬಾಕಿ ಇರುವಾಗಲೇ, 2021ರ ಫೆಬ್ರುವರಿಯಲ್ಲಿ ಅವರು ಮೇಯರ್ ಆದರು. ಮೇ ತಿಂಗಳಲ್ಲಿ ಹೈಕೋರ್ಟು ಮೇಲ್ಮನವಿ ವಜಾ ಮಾಡಿತು, ಮೇಯರ್ ಹುದ್ದೆಯೂ ಹೋಯಿತು. ಪಾಲಿಕೆ ಕಾಯ್ದೆಯಲ್ಲಿ ಅಭ್ಯರ್ಥಿ ಆಸ್ತಿ ತೋರಿಸಬೇಕು ಎಂಬ ಮಾತೇ ಇಲ್ಲ ಎಂದು ಅವರ ಕಡೆಯವರು ವಾದಿಸಿದರು. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ರಾಜ್ಯ ಚುನಾವಣಾ ಆಯೋಗದ 2003ರ ಆದೇಶ ಸಾಕು, ಆಸ್ತಿ ಬಗ್ಗೆ ಸುಳ್ಳು ಹೇಳುವುದು ಭ್ರಷ್ಟ ಆಚರಣೆಯೇ ಎಂದಿತು. ವಾರ್ಡು ಮಟ್ಟದ ರಾಜಕಾರಣಕ್ಕೆ ಇದಕ್ಕಿಂತ ದೊಡ್ಡ ತೀರ್ಪು ಬೇಕಾ?

ಆದರೆ ಚುನಾವಣಾ ತಕರಾರು ಅರ್ಜಿಯನ್ನು ಫಲಿತಾಂಶ ಪ್ರಕಟವಾದ 30 ದಿನದೊಳಗೆ ಹಾಕಬೇಕು. ಅದಕ್ಕೇ ಅಫಿಡವಿಟ್ ಓದುವುದನ್ನು ವೋಟು ಹಾಕುವ ಮೊದಲೇ ಮುಗಿಸಿಕೊಳ್ಳಿ.

ನಿಮ್ಮ ಪ್ರಶ್ನೆ ಗೆದ್ದ ಮೇಲಿನದು, ಅಲ್ವಾ? ಅದಕ್ಕೆ ಬೇರೆ ದಾರಿ ಇದೆ. ಜನರಿಗೆ ಹೆಚ್ಚು ಗೊತ್ತಿರದ ದಾರಿ ಇದು. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯ 19ನೇ ಕಲಂ ಪ್ರಕಾರ, ಸದಸ್ಯರು ಅಧಿಕಾರಾವಧಿ ಶುರುವಾದ ಒಂದು ತಿಂಗಳೊಳಗೆ, ಆಮೇಲೆ ಪ್ರತಿ ವರ್ಷ ಅದೇ ತಿಂಗಳಲ್ಲಿ, ತಮ್ಮ ಮತ್ತು ಕುಟುಂಬದವರ ಆಸ್ತಿ ವಿವರವನ್ನು ಮೇಯರ್‌ಗೆ ಸಲ್ಲಿಸಬೇಕು. ಅದು ಪಾಲಿಕೆಯ ದಾಖಲೆ. ಎರಡು ವರ್ಷದ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸೈಟಿನ ಮಾತು ನಿಜವೋ ಗಾಳಿಸುದ್ದಿಯೋ ಎನ್ನುವ ಸುಳಿವು ಸಿಗುತ್ತದೆ. ತಪ್ಪು ಮಾಡದ ಸದಸ್ಯರಿಗೂ ಇದರಿಂದ ಒಳ್ಳೆಯದೇ.

ಹಾಗಾಗಿ ಬಾಯಿಮಾತಲ್ಲಿ ಕೇಳಬೇಡಿ. ಪಾಲಿಕೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಆರ್‌ಟಿಐ ಅರ್ಜಿ ಹಾಕಿ, 10 ರೂಪಾಯಿ ಶುಲ್ಕ. ‘ಆಸ್ತಿ ಎಷ್ಟಿದೆ’ ಎಂದು ಬರೆಯಬೇಡಿ. ‘ಇಂಥ ವಾರ್ಡಿನ ಸದಸ್ಯರು ಕಲಂ 19ರ ಅಡಿ ಇಂಥ ವರ್ಷದಿಂದ ಇಂದಿನವರೆಗೆ ಸಲ್ಲಿಸಿರುವ ಆಸ್ತಿ ಘೋಷಣೆಗಳ ದೃಢೀಕೃತ ಪ್ರತಿ, ಸಲ್ಲಿಸಿದ ದಿನಾಂಕ ಸಹಿತ’ ಎಂದು ಬರೆಯಿರಿ. 30 ದಿನದೊಳಗೆ ಉತ್ತರ ಬರಬೇಕು. ಖಾಸಗಿ ಎಂದು ನಿರಾಕರಿಸಿದರೆ, ಸಾರ್ವಜನಿಕ ಹಿತ ದೊಡ್ಡದಿದ್ದರೆ ಮಾಹಿತಿ ಕೊಡಬಹುದು ಎನ್ನುವ ಆರ್‌ಟಿಐ ಕಾಯ್ದೆಯ 8(2) ಕಲಂ ಹಿಡಿದು ಮೊದಲ ಮೇಲ್ಮನವಿ ಹಾಕಿ. ನನ್ನ ಕೇಳಿದರೆ, ಈ ಪಟ್ಟಿಗಳನ್ನು ಯಾರೂ ಕೇಳದೆಯೇ ಪಾಲಿಕೆಯ ವೆಬ್‌ಸೈಟಿನಲ್ಲಿ ಹಾಕಬೇಕು.

‘ಘೋಷಣೆ ಸಲ್ಲಿಕೆಯಾಗಿಲ್ಲ’ ಎಂಬ ಉತ್ತರ ಬಂದರೆ ಬೇಜಾರಾಗಬೇಡಿ, ಆ ಕಾಗದವನ್ನು ಜೋಪಾನ ಮಾಡಿ. ಘೋಷಣೆ ಸಲ್ಲಿಸದಿದ್ದರೆ, ಸುಳ್ಳು ಘೋಷಣೆ ಕೊಟ್ಟರೆ ಸದಸ್ಯತ್ವವೇ ಹೋಗುತ್ತದೆ ಎನ್ನುತ್ತದೆ ಅದೇ 19ನೇ ಕಲಂ.