ಕಡಿಮೆ ಬೆಲೆಗೆ ಕೊಂಡರೂ ಆಫೀಸಿನ ಕಂಪ್ಯೂಟರ್‌ಗಳ ಖರ್ಚು ಜಾಸ್ತಿ ಆಗುವುದು ಯಾಕೆ?

ಕೊಂಡ ಬೆಲೆ ಒಟ್ಟು ಖರ್ಚಿನ ಒಂದು ಭಾಗ ಮಾತ್ರ. ರಿಪೇರಿ, ಸಾಫ್ಟ್‌ವೇರ್ ಲೈಸೆನ್ಸ್, ಕರೆಂಟು ಇದ್ದೇ ಇರುತ್ತವೆ. ಹೆಚ್ಚಿನ ಸಲ ಇವೆಲ್ಲಕ್ಕಿಂತ ದೊಡ್ಡದು ಕೆಲಸ ಮಾಡುವವರ ಸಮಯ. ಅದು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ, ಅದಕ್ಕೇ ಲೆಕ್ಕ ತಪ್ಪುತ್ತದೆ. ನಿಧಾನವಾದ ಕಂಪ್ಯೂಟರ್ ಮುಂದೆ ಒಬ್ಬರು ದಿನಕ್ಕೆ 10 ನಿಮಿಷ ಸುಮ್ನೆ ಕಾದರೂ, 240 ಕೆಲಸದ ದಿನಗಳಲ್ಲಿ 40 ಗಂಟೆ ಹೋಗುತ್ತದೆ. ಹೆಚ್ಚುಕಡಿಮೆ ಒಂದು ವಾರದ ಸಂಬಳ ಅಲ್ವಾ?

ಖರ್ಚು ಇಳಿಸಲು ನಾನು ಮೊದಲು ಹೇಳುವುದು, ಎಲ್ಲರಿಗೂ ಒಂದೆರಡು ಮಾಡೆಲ್‌ಗಳನ್ನೇ ಕೊಳ್ಳಿ. ಒಂದರ ತೊಂದರೆಗೆ ಸಿಕ್ಕ ಪರಿಹಾರ ಉಳಿದವಕ್ಕೂ ಆಗುತ್ತದೆ, ಬಿಡಿಭಾಗಗಳನ್ನೂ ಅದಲುಬದಲು ಮಾಡಬಹುದು. ಹಳೆಯದರಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ತೆಗೆಸಿ, ಚಿಪ್‌ನಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ ಹಾಕಿಸಿ. ಕಾಯುವ ಸಮಯ ತುಂಬಾ ಇಳಿಯುತ್ತದೆ. ಆದರೆ ಸೆಕ್ಯುರಿಟಿ ಅಪ್‌ಡೇಟ್ ನಿಂತುಹೋದ ಯಂತ್ರವನ್ನು ಮಾತ್ರ ದಯವಿಟ್ಟು ಇನ್ನೂ ಬಳಸುತ್ತಾ ಹೋಗಬೇಡಿ.